ಮನೆಯ ಆಡಿಯೊ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು: ಯಾವ ಸಾಫ್ಟ್‌ವೇರ್, ಯಾವ ಕ್ರಮ

ಆಡಿಯೊ ಸಿಡಿಯನ್ನು ಡ್ರೈವಿಗೆ ಹಾಕಿ ವಿಂಡೋಸ್‌ನಲ್ಲಿ ತೆರೆದರೆ ಟ್ರ್ಯಾಕ್01, ಟ್ರ್ಯಾಕ್02 ಎಂದು ಸಾಲಾಗಿ ಸಿಡಿಎ ಫೈಲುಗಳು ಕಾಣುತ್ತವೆ. ಅವನ್ನೇ ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ‘ಹಾಡೆಲ್ಲ ಬಂತು’ ಎಂದು ನಿರಾಳವಾದವರು ಬೇಕಾದಷ್ಟು ಜನ ಇದ್ದಾರೆ. ಆ ಫೈಲಿನ ಗಾತ್ರ ನೋಡಿ: 44 ಬೈಟು. ಅದರೊಳಗೆ ಹಾಡಿಲ್ಲ. ಹಾಡು ಡಿಸ್ಕಿನ ಮೇಲೆ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಇದೆ ಎಂಬ ಗುರುತಷ್ಟೇ ಇದೆ. ಸಿಡಿ ಹೊರಗೆ ತೆಗೆದರೆ ಫೈಲು ಮೂಕ.

ಆಡಿಯೊ ಸಿಡಿಯಲ್ಲಿ ನಾವು ತಿಳಿದಿರುವ ಅರ್ಥದ ಫೈಲುಗಳೇ ಇಲ್ಲ. ಸೋನಿ ಮತ್ತು ಫಿಲಿಪ್ಸ್ 1980ರಲ್ಲಿ ಗೊತ್ತುಮಾಡಿದ ‘ರೆಡ್ ಬುಕ್’ ಮಾನದಂಡದ ಪ್ರಕಾರ, ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ಟಿನ ಸ್ಟೀರಿಯೊ ಧ್ವನಿ ಒಂದೇ ಸುರುಳಿಯಾಗಿ ಹರಿಯುತ್ತದೆ. ಸೆಕೆಂಡಿಗೆ 75 ಸೆಕ್ಟರು, ಅಂದರೆ ತುಣುಕು, ಒಂದೊಂದರಲ್ಲಿ 2,352 ಬೈಟು. ಡೇಟಾ ಸಿಡಿಯಲ್ಲಾದರೆ ಇದೇ ಸೆಕ್ಟರಿನಲ್ಲಿ 2,048 ಬೈಟು ಮಾತ್ರ ನಮ್ಮ ಮಾಹಿತಿ. ಉಳಿದದ್ದರಲ್ಲಿ ಬಹುಪಾಲು ತಪ್ಪು ಹಿಡಿದು ತಿದ್ದುವ ಹೆಚ್ಚುವರಿ ಕೋಡು. ಆಡಿಯೊ ಸಿಡಿಗೆ ಈ ಹೆಚ್ಚುವರಿ ಕಾವಲು ಇಲ್ಲ. ಗೀರು ಬಿದ್ದ ಕಡೆ ಓದಲಾಗದಿದ್ದರೆ ಡ್ರೈವು ಆಚೀಚಿನ ಧ್ವನಿ ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬಿಬಿಡುತ್ತದೆ. ಕೇಳುವಾಗ ಇದು ಉಪಕಾರ. ಶಾಶ್ವತ ಪ್ರತಿ ತೆಗೆಯುವಾಗ ಅಪಕಾರ, ಏಕೆಂದರೆ ತಪ್ಪಾಗಿದೆ ಎಂದು ಯಾರೂ ನಿಮಗೆ ಹೇಳುವುದಿಲ್ಲ.

ಹಾಗಾಗಿ ರಿಪ್ ಮಾಡುವ, ಅಂದರೆ ಸಿಡಿಯ ಧ್ವನಿಯನ್ನು ಫೈಲಾಗಿ ಇಳಿಸಿಕೊಳ್ಳುವ, ಸಾಫ್ಟ್‌ವೇರ್ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಓದುವುದರಲ್ಲಿ ಎಡವಿದರೆ ಇದು ಬಾಯಿಬಿಟ್ಟು ಹೇಳುತ್ತದೆಯೇ? ಅಂದ, ವೇಗ, ಕವರ್ ಚಿತ್ರ ಎಲ್ಲ ಆಮೇಲಿನ ಮಾತು. ಇನ್ನೊಂದು, ರಿಪ್ ಮಾಡುವುದಕ್ಕೂ ಕೇಳುವುದಕ್ಕೂ ಒಂದೇ ಸಾಫ್ಟ್‌ವೇರ್ ಬೇಕೆಂಬ ಹಟ ಬಿಡಿ. ಒಂದು ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದು, ಇನ್ನೊಂದು ದಿನಾ ಮಾಡುವಂಥದ್ದು.

ಮೊದಲು ಸಿಡಿಗಳನ್ನು ವಿಂಗಡಿಸಿ

ನಮ್ಮ ಮನೆಗಳ ಸಿಡಿ ಡಬ್ಬಿಯಲ್ಲಿ ಮೂರು ಜಾತಿ ಬೆರೆತಿರುತ್ತವೆ. ನಿಜವಾದ ಆಡಿಯೊ ಸಿಡಿಯಲ್ಲಿ ಹೆಚ್ಚೆಂದರೆ 74 ಅಥವಾ 80 ನಿಮಿಷ, ಹಾಡು ಎಂಟೋ ಹತ್ತೋ. ರಿಪ್ ಮಾಡಬೇಕಾದ್ದು ಇದನ್ನು ಮಾತ್ರ. ಎರಡನೆಯದು ಎಂಪಿ3 ಸಿಡಿ. ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ‘ಒಂದೇ ಸಿಡಿಯಲ್ಲಿ ನೂರು ಹಾಡು’ ಎಂದು ಮಾರುತ್ತಿದ್ದರಲ್ಲ, ಅದು. ಅದು ಡೇಟಾ ಡಿಸ್ಕು, ನೇರ ಕಾಪಿ ಮಾಡಿದರೆ ಮುಗಿಯಿತು. ಅದನ್ನು ಯಾವ ದೊಡ್ಡ ಸಾಫ್ಟ್‌ವೇರಿಗೆ ಹಾಕಿ ಬೇರೆ ರೂಪಕ್ಕೆ ಬದಲಿಸಿದರೂ ಗುಣಮಟ್ಟ ಹೆಚ್ಚುವುದಿಲ್ಲ. ಕಾಪಿ ಅರ್ಧಕ್ಕೆ ನಿಂತರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಪ್ರಯತ್ನಿಸಿ, ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಓದಿ ತೆಗೆಯುವ ಸಾಫ್ಟ್‌ವೇರ್ ಅದು. ಮೂರನೆಯದು ವಿಸಿಡಿ. ಯಕ್ಷಗಾನ, ನಾಟಕ, ಮದುವೆ ಎಲ್ಲ ಅದರಲ್ಲೇ. ಒಳಗಿನ ಡಿಎಟಿ ಫೈಲನ್ನು ಕಾಪಿ ಮಾಡಿಕೊಂಡು ವಿಎಲ್‌ಸಿಯಲ್ಲಿ ತೆರೆದರೆ ಓಡುತ್ತದೆ.

ವಿಂಗಡಿಸುವಾಗ ಮನೆಯಲ್ಲೇ ಬರೆದ ಸಿಡಿ-ಆರ್‌ಗಳನ್ನು ಬೇರೆ ಇಡಿ, ಅವನ್ನೇ ಮೊದಲು ಇಳಿಸಿಕೊಳ್ಳಿ. ಕಾರ್ಖಾನೆಯ ಸಿಡಿಯಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ; ಸಿಡಿ-ಆರ್‌ನಲ್ಲಿ ಇರುವುದು ಬಣ್ಣದ ಪದರ, ಅದು ಬೆಳಕಿಗೆ, ಬಿಸಿಗೆ ಕೆಡುತ್ತದೆ. ಊರಿನ ಭಜನಾ ಮಂಡಳಿಯ ರೆಕಾರ್ಡಿಂಗೋ ಅಜ್ಜಿಯ ಸೋಬಾನೆ ಪದವೋ ಇರುವುದು ಹೆಚ್ಚಾಗಿ ಇಂಥದರಲ್ಲೇ, ಬೇರೆ ಪ್ರತಿಯೂ ಸಿಗದು.

ಒರೆಸುವಾಗ ಮೈಕ್ರೊಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ವೃತ್ತಾಕಾರವಾಗಿ ಅಲ್ಲ. ಹೊಳೆಯುವ ಬದಿಯ ಗೀರಿಗಿಂತ ಹೆಸರು ಮುದ್ರಿಸಿದ ಬದಿಯ ಗೀರು ಹೆಚ್ಚು ಅಪಾಯ. ಮಾಹಿತಿಯ ಪದರ ಇರುವುದು ಆ ಬದಿಯ ತೆಳು ಲ್ಯಾಕರಿನ ಕೆಳಗೇ.

ಡ್ರೈವು

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವು ಇರುವುದಿಲ್ಲ. ಯುಎಸ್‌ಬಿಯ ಹೊರಗಿನ ಡಿವಿಡಿ ರೈಟರ್ ಸಾಕು, ದುಬಾರಿಯದು ಬೇಕಿಲ್ಲ. ಹಳೆಯ ಡೆಸ್ಕ್‌ಟಾಪಿನ ಡ್ರೈವು ಮೂಲೆಯಲ್ಲಿದ್ದರೆ ಎಸೆಯಬೇಡಿ. ಒಂದು ಡ್ರೈವು ಓದಲು ಒದ್ದಾಡಿದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದುವುದುಂಟು.

ಯಾವ ರೂಪದಲ್ಲಿ ಉಳಿಸುವುದು

ಫ್ಲ್ಯಾಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. 2001ರಲ್ಲಿ ಹುಟ್ಟಿದ ಈ ಮುಕ್ತ ರೂಪ ಧ್ವನಿಯ ಒಂದು ಬಿಟ್ಟನ್ನೂ ಕಳೆಯದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಒಂದು ಗಂಟೆಯ ಸಿಡಿ ಸಂಕುಚಿಸದೆ ಇಟ್ಟರೆ 635 ಎಂಬಿ. ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ 300ರಿಂದ 400. ಇನ್ನೂರು ಸಿಡಿ ಇದ್ದರೂ 80 ಜಿಬಿ ಒಳಗೆ ಮುಗಿಯಿತು, ಅಂದರೆ ಒಂದು ದೊಡ್ಡ ಪೆನ್‌ಡ್ರೈವಿನಲ್ಲಿ ಮನೆಯ ಸಂಗೀತವೆಲ್ಲ. ಜಾಗ ಉಳಿಸಲು ಎಂಪಿ3ಗೆ ರಿಪ್ ಮಾಡುವ ಕಾಲ ಹೋಯಿತು. ಫ್ಲ್ಯಾಕ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಎಂಪಿ3ಯಿಂದ ಹಿಂದಕ್ಕೆ ಬರುವ ದಾರಿಯಿಲ್ಲ.

ಮನೆಯಲ್ಲಿ ಎಲ್ಲರದೂ ಮ್ಯಾಕ್, ಐಫೋನ್ ಆಗಿದ್ದರೆ ಮಾತ್ರ ಆ್ಯಪಲ್‌ನ ಎಎಲ್‌ಎಸಿ ಯೋಚಿಸಿ. ಅದೂ ನಷ್ಟವಿಲ್ಲದ್ದೇ. ಆ್ಯಪಲ್‌ನ ಮ್ಯೂಸಿಕ್ ಆ್ಯಪಿನ ಲೈಬ್ರರಿ ಫ್ಲ್ಯಾಕ್ ತೆಗೆದುಕೊಳ್ಳುವುದಿಲ್ಲ ಎಂಬುದೇ ಕಾರಣ. ಒಂದರಿಂದ ಇನ್ನೊಂದಕ್ಕೆ ಬದಲಿಸಿದರೂ ಏನೂ ಕಳೆಯುವುದಿಲ್ಲ, ಆದ್ದರಿಂದ ಇದಕ್ಕೆ ನಿದ್ದೆಗೆಡಬೇಡಿ.

ರಿಪ್ ಮಾಡುವ ಸಾಫ್ಟ್‌ವೇರ್

ವಿಂಡೋಸ್‌ನ ಮೀಡಿಯಾ ಪ್ಲೇಯರ್, ಐಟ್ಯೂನ್ಸ್ ಎರಡೂ ಸಿಡಿಯಿಂದ ಹಾಡು ತೆಗೆಯುತ್ತವೆ. ಹೊಸ ಸಿಡಿಯಾದರೆ ಫಲಿತಾಂಶ ಚೆನ್ನಾಗಿಯೇ ಬರಬಹುದು. ಆದರೆ ‘ಬರಬಹುದು’ ಎನ್ನುವುದಕ್ಕಿಂತ ಮುಂದೆ ಅವು ಏನೂ ಹೇಳವು. ಐಟ್ಯೂನ್ಸ್‌ನಲ್ಲಿ ತಪ್ಪು ತಿದ್ದುವ ಆಯ್ಕೆಯೊಂದಿದೆ, ಎಲ್ಲಿ ತಿದ್ದಿತು ಎಂಬ ವರದಿ ಕೊಡದು.

ವಿಂಡೋಸ್‌ನಲ್ಲಿ ನನ್ನ ಮೊದಲ ಆಯ್ಕೆ ಎಕ್ಸಾಕ್ಟ್ ಆಡಿಯೊ ಕಾಪಿ, ಎಲ್ಲರ ಬಾಯಲ್ಲಿ ಇಎಸಿ. ಜರ್ಮನಿಯ ಆಂಡ್ರೆ ವೀಟ್‌ಹಾಫ್ ಬರೆದದ್ದು, ಸ್ವಂತ ಬಳಕೆಗೆ ಉಚಿತ. ನೋಡಲು ತೊಂಬತ್ತರ ದಶಕದ ಸರ್ಕಾರಿ ಕಚೇರಿಯ ಪರದೆಯ ಹಾಗಿದೆ, ಕೆಲಸ ಮಾತ್ರ ಚೊಕ್ಕ. ಸೆಟ್ಟಿಂಗ್ ಎಂದರೆ ಬೇಸರಪಡುವವರಿಗೆ ಡಿಬಿಪವರ್ಆ್ಯಂಪ್ ಇದೆ. ಹಣ ಕೊಡಬೇಕು, ಮೊದಲು ಕೆಲ ದಿನ ಪುಕ್ಕಟೆ ನೋಡಬಹುದು. ಸಿಡಿ ಹೆಚ್ಚಿದ್ದು ಸಮಯ ಕಡಿಮೆಯಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮ್ಯಾಕ್‌ಗೆ ಎಕ್ಸ್‌ಎಲ್‌ಡಿ, ಉಚಿತ. ಲಿನಕ್ಸ್‌ನಲ್ಲಿ ಕಮಾಂಡ್ ಲೈನ್ ಅಭ್ಯಾಸವಿದ್ದರೆ ವಿಪ್ಪರ್, ಇಲ್ಲದಿದ್ದರೆ ಅಸಂಡರ್. ಫ್ರೀಎಸಿ ಎಂಬ ಮುಕ್ತ ತಂತ್ರಾಂಶ ಮೂರರಲ್ಲೂ ಓಡುತ್ತದೆ. ಮೊದಲ ಸಲ ಮಾಡುವವರಿಗೆ ಸುಲಭ, ಮುಂದೆ ಎಂಪಿ3 ಮಾಡುವಾಗಲೂ ಕೈಗೆ ಬರುತ್ತದೆ.

ಕನ್ನಡ ಸಿಡಿಗಳ ಮಟ್ಟಿಗೆ ಒಂದು ವಿಷಯ ಬೇರೆಯಾಗಿಯೇ ಹೇಳಬೇಕು. ಈ ಸಾಫ್ಟ್‌ವೇರ್‌ಗಳ ಹಿರಿಮೆ ಹೇಳುವಾಗ ಎಲ್ಲರೂ ಆ್ಯಕ್ಯುರೇಟ್‌ರಿಪ್ ಹೆಸರೆತ್ತುತ್ತಾರೆ. ಅದೊಂದು ದತ್ತಸಂಚಯ: ನೀವು ತೆಗೆದ ಟ್ರ್ಯಾಕಿನ ಚೆಕ್‌ಸಮ್ಮನ್ನು (ಧ್ವನಿಯಿಂದ ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂಥ ಸಂಖ್ಯೆ) ಅದೇ ಸಿಡಿಯನ್ನು ತೆಗೆದ ಬೇರೆಯವರ ಚೆಕ್‌ಸಮ್ಮಿನ ಜತೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ನಿಶ್ಚಿಂತೆ. ಇಂಗ್ಲಿಷ್ ಪಾಪ್, ರಾಕ್ ಸಿಡಿಗೆ ಇದು ಅದ್ಭುತ. ಕನ್ನಡ ಭಾವಗೀತೆಯ ಸಿಡಿ, ದಾಸರ ಪದದ ಸಿಡಿ ಹಾಕಿ ನೋಡಿ, ‘ದತ್ತಸಂಚಯದಲ್ಲಿ ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಅಲ್ಲಿಗೆ ಹೋಲಿಸಲು ಜನವಿಲ್ಲ. ಆದ್ದರಿಂದ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸಾಫ್ಟ್‌ವೇರೇ ನಮಗೆ ಬೇಕು. ಇಎಸಿಯ ‘ಟೆಸ್ಟ್ ಅಂಡ್ ಕಾಪಿ’ ಮಾಡುವುದು ಅದನ್ನೇ.

ಇಎಸಿ ಹಂತಹಂತವಾಗಿ

ಇನ್‌ಸ್ಟಾಲ್ ಮಾಡಿ ಮೊದಲ ಸಲ ತೆರೆದಾಗ ಒಂದು ವಿಝಾರ್ಡ್ ಬರುತ್ತದೆ. ಅದಕ್ಕೂ ಮುಂಚೆ ಗೀರಿಲ್ಲದ ಒಂದು ಆಡಿಯೊ ಸಿಡಿ ಡ್ರೈವಿನಲ್ಲಿರಲಿ; ಡ್ರೈವಿನ ಗುಣ ಪರೀಕ್ಷಿಸಲು ಬೇಕಾಗುತ್ತದೆ. ನಿಖರ ಫಲಿತಾಂಶ ಬೇಕೋ ವೇಗ ಬೇಕೋ ಎಂದು ಕೇಳಿದಾಗ ನಿಖರವನ್ನೇ ಆರಿಸಿ. ಎನ್‌ಕೋಡರ್, ಅಂದರೆ ಯಾವ ರೂಪಕ್ಕೆ ಬದಲಿಸಬೇಕು ಎಂದು ಕೇಳಿದಾಗ ಫ್ಲ್ಯಾಕ್.

ಆಮೇಲೆ ಡ್ರೈವ್ ಆಪ್ಷನ್ಸ್‌ಗೆ ಹೋಗಿ ಸೆಕ್ಯೂರ್ ಮೋಡ್ ಆಯ್ಕೆಯಾಗಿದೆಯೇ ಖಚಿತಪಡಿಸಿಕೊಳ್ಳಿ. ಈ ಮೋಡಿನಲ್ಲಿ ಪ್ರತಿ ಸೆಕ್ಟರನ್ನು ಕನಿಷ್ಠ ಎರಡು ಸಲ ಓದುತ್ತದೆ. ಎರಡೂ ಸಲ ಒಂದೇ ಬಂದರೆ ಮುಂದಕ್ಕೆ. ಬೇರೆ ಬೇರೆ ಬಂದರೆ 16 ಸಲ ಓದಿ, ಕನಿಷ್ಠ 8 ಸಲ ಒಂದೇ ಉತ್ತರ ಬಂದದ್ದನ್ನು ಒಪ್ಪುತ್ತದೆ. ಇಲ್ಲವಾದರೆ ಇನ್ನೊಂದು ಸುತ್ತು. ತಿದ್ದುವ ಮಟ್ಟವನ್ನು ‘ಹೈ’ಗೆ ಇಟ್ಟರೆ ಒಂದೇ ಜಾಗವನ್ನು 82 ಸಲದವರೆಗೂ ಓದಬಹುದು. ಪರದೆಯ ಮೇಲೆ ಕೆಂಪು ಚೌಕಗಳು ಒಂದೊಂದಾಗಿ ಹೊತ್ತಿಕೊಳ್ಳುವುದು ಇದೇ ಹೊತ್ತಿನಲ್ಲಿ. ಎರಡು ಮೂರು ಚೌಕ ಬಂದು ಮುಂದೆ ಹೋದರೆ ಪರವಾಗಿಲ್ಲ. ಸಾಲು ಪೂರ್ತಿ ತುಂಬಿ ಅಲ್ಲೇ ನಿಂತರೆ ನಿಲ್ಲಿಸಿ, ಸಿಡಿ ಮತ್ತೆ ಒರೆಸಿ, ಇಲ್ಲವೇ ಇನ್ನೊಂದು ಡ್ರೈವಿನಲ್ಲಿ ಹಾಕಿ. ರಾತ್ರಿಯಿಡೀ ಅದೇ ಗೀರಿನ ಮೇಲೆ ಡ್ರೈವನ್ನು ಗಾಣದೆತ್ತಿನ ಹಾಗೆ ತಿರುಗಿಸುವುದರಿಂದ ಲೇಸರ್ ಸವೆಯುತ್ತದೆ ಅಷ್ಟೆ.

ರೀಡ್ ಆಫ್‌ಸೆಟ್ ಎಂಬ ಇನ್ನೊಂದು ಸಂಖ್ಯೆ ಇದೆ. ಪ್ರತಿ ಮಾದರಿಯ ಡ್ರೈವು ಸಿಡಿಯನ್ನು ಒಂದಿಷ್ಟು ಸ್ಯಾಂಪಲ್ (ಸೆಕೆಂಡಿಗೆ 44,100 ಸಲ ತೆಗೆದ ಅಳತೆಗಳಲ್ಲಿ ಒಂದೊಂದು) ಹಿಂದೆ ಅಥವಾ ಮುಂದೆ ಓದಲು ಶುರುಮಾಡುತ್ತದೆ. ಅದನ್ನು ಸರಿದೂಗಿಸಲು ಇದು. ಇದರ ಬಗ್ಗೆ ಪುಟಗಟ್ಟಲೆ ಚರ್ಚೆ ನಡೆದಿದೆ. 6 ಸ್ಯಾಂಪಲ್ ಎಂದರೆ ಸೆಕೆಂಡಿನ ಏಳು ಸಾವಿರದಲ್ಲಿ ಒಂದು ಭಾಗ, ಯಾವ ಕಿವಿಗೂ ಸಿಗದು. ಹೋಲಿಕೆಗೆ ಮಾತ್ರ ಬೇಕು. ಪ್ರಸಿದ್ಧವಾದ ಯಾವುದಾದರೂ ಅಂತರರಾಷ್ಟ್ರೀಯ ಸಿಡಿಯನ್ನು ಹಾಕಿದರೆ ಆ್ಯಕ್ಯುರೇಟ್‌ರಿಪ್ ತಾನಾಗಿ ಕಂಡುಹಿಡಿದು ತುಂಬಿಕೊಳ್ಳುತ್ತದೆ. ಅಂಥ ಸಿಡಿ ಮನೆಯಲ್ಲಿಲ್ಲದಿದ್ದರೆ ಡ್ರೈವಿನ ಮಾದರಿ ಸಂಖ್ಯೆಯನ್ನು ಆ್ಯಕ್ಯುರೇಟ್‌ರಿಪ್‌ನ ಪಟ್ಟಿಯಲ್ಲಿ ನೋಡಿ ತುಂಬಿ.

ಈಗ ಆಕ್ಷನ್ ಮೆನುವಿನಲ್ಲಿ ‘ಟೆಸ್ಟ್ ಅಂಡ್ ಕಾಪಿ ಸೆಲೆಕ್ಟೆಡ್ ಟ್ರ್ಯಾಕ್ಸ್’, ಅದರಲ್ಲಿ ‘ಕಂಪ್ರೆಸ್ಡ್’. ಒಂದು ಸಲ ಸುಮ್ಮನೆ ಓದಿ ಚೆಕ್‌ಸಮ್ ತೆಗೆಯುತ್ತದೆ, ಇನ್ನೊಂದು ಸಲ ಓದಿ ಬರೆದುಕೊಳ್ಳುತ್ತದೆ. ಕೊನೆಗೆ ಬರುವ ಲಾಗಿನಲ್ಲಿ, ಅಂದರೆ ಕೆಲಸದ ವರದಿಯಲ್ಲಿ, ಪ್ರತಿ ಹಾಡಿಗೂ ಈ ಚೆಕ್‌ಸಮ್ ‘ಟೆಸ್ಟ್ ಸಿಆರ್‌ಸಿ’, ‘ಕಾಪಿ ಸಿಆರ್‌ಸಿ’ ಎಂದು ಎಂಟೆಂಟು ಅಕ್ಷರ-ಅಂಕಿ ಬರುತ್ತವೆ. ಎರಡೂ ಒಂದೇ ಇದ್ದರೆ ಆ ಹಾಡು ಗೆದ್ದಂತೆ. ಬೇರೆ ಇದ್ದರೆ ಆ ಹಾಡನ್ನು ಮಾತ್ರ ಮತ್ತೆ ಮಾಡಿ, ಇಡೀ ಸಿಡಿಯನ್ನಲ್ಲ. ದುಪ್ಪಟ್ಟು ಸಮಯ ಹಿಡಿಯುತ್ತದೆ ಎಂದು ಗೊಣಗಬೇಡಿ, ಜಗತ್ತಿನಲ್ಲಿ ಬೇರೆ ಯಾರೂ ಇಳಿಸಿರದ ಸಿಡಿಗೆ ನಿಮಗಿರುವ ಸಾಕ್ಷಿ ಇದೊಂದೇ. ಈ ಲಾಗ್ ಫೈಲನ್ನು ಹಾಡುಗಳ ಫೋಲ್ಡರಿನಲ್ಲೇ ಉಳಿಸಿ.

ಓದಲಾಗದ ಸಿಡಿಗೆ ಇನ್ನೊಂದು ಕೊನೆಯ ಪ್ರಯತ್ನ ಕ್ಯೂಟೂಲ್ಸ್ ಎಂಬ ಸಾಫ್ಟ್‌ವೇರ್. ಅದರ ದತ್ತಸಂಚಯದಲ್ಲಿ ಆ ಸಿಡಿ ಇದ್ದರೆ ಸಣ್ಣಪುಟ್ಟ ಹಾನಿಯನ್ನು ಸರಿಪಡಿಸುವಷ್ಟು ಮಾಹಿತಿಯೂ ಅಲ್ಲಿರುತ್ತದೆ. ಇದ್ದರೆ.

ಹೆಸರು ತುಂಬುವುದು: ನಿಜವಾದ ಶ್ರಮ ಇಲ್ಲಿದೆ

ಸಿಡಿಯಲ್ಲಿ ಹಾಡಿನ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಸಾಫ್ಟ್‌ವೇರ್ ಟ್ರ್ಯಾಕುಗಳ ಉದ್ದ ನೋಡಿ ಅಂತರ್ಜಾಲದಲ್ಲಿ ಅಂಥದೇ ಡಿಸ್ಕು ಹುಡುಕುತ್ತದೆ. ಆದ್ದರಿಂದ ನಿಮ್ಮ ಭಜನೆ ಸಿಡಿಗೆ ಯಾವುದೋ ಯುರೋಪಿನ ಪಾಪ್ ಆಲ್ಬಂ ಹೆಸರು ಬಂದರೆ ಗಾಬರಿ ಬೇಡ. ಬಹುಕಾಲ ಈ ಕೆಲಸಕ್ಕಿದ್ದ ಫ್ರೀಡಿಬಿ 2020ರಲ್ಲಿ ಮುಚ್ಚಿತು. ಹಳೆಯ ಸಾಫ್ಟ್‌ವೇರ್ ಇನ್ನೂ ಅಲ್ಲಿಗೇ ಕೈಚಾಚುತ್ತಿದ್ದರೆ ಏನೂ ಸಿಗುವುದಿಲ್ಲ. ಈಗ ನಂಬಬಹುದಾದದ್ದು ಮ್ಯೂಸಿಕ್‌ಬ್ರೇನ್ಜ್. ಅಲ್ಲಿಯೂ ಕನ್ನಡದ ಬೆಳೆ ತೆಳುವೇ. ಯಾರೋ ತುಂಬಿದ ಹೆಸರು ಸಿಕ್ಕರೂ ಒಬ್ಬನೇ ಗಾಯಕನಿಗೆ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಸ್ಪೆಲಿಂಗ್. ಕೈಯಿಂದ ತುಂಬುವುದೇ ನಮ್ಮ ಹಣೆಬರಹ ಎಂದುಕೊಂಡು, ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಖಾನೆಗಳನ್ನು (ಟ್ಯಾಗ್) ತಿದ್ದುವ ಎಂಪಿ3ಟ್ಯಾಗ್ ಇನ್‌ಸ್ಟಾಲ್ ಮಾಡಿ. ಹೆಸರಿನಲ್ಲಿ ಎಂಪಿ3 ಇದ್ದರೂ ಫ್ಲ್ಯಾಕ್‌ಗೂ ನಡೆಯುತ್ತದೆ. ಲಿನಕ್ಸ್‌ನಲ್ಲಾದರೆ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್.

ಕನ್ನಡದಲ್ಲೇ ತುಂಬಿ, ಆದರೆ ಯೂನಿಕೋಡಿನಲ್ಲಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರನ್ನು ಅಂಟಿಸಿದರೆ ಪ್ಲೇಯರಿನಲ್ಲಿ ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಫ್ಲ್ಯಾಕ್ ಟ್ಯಾಗುಗಳು ಯೂನಿಕೋಡಿನದೇ ರೂಪವಾದ ಯುಟಿಎಫ್-8, ಕನ್ನಡಕ್ಕೆ ಯಾವ ತೊಡಕೂ ಇಲ್ಲ. ಎಂಪಿ3ಯಾದರೆ ಐಡಿ3 ಎರಡನೇ ಆವೃತ್ತಿಯ ಟ್ಯಾಗ್ ಬಳಸಿ. ಮೊದಲ ಆವೃತ್ತಿಯಲ್ಲಿ ಹೆಸರಿಗೆ 30 ಬೈಟು ಮಾತ್ರ, ಕನ್ನಡದ ಮಾತೇ ಇಲ್ಲ. ಕಾರಿನ ಸ್ಟೀರಿಯೊ ಕನ್ನಡಕ್ಕೆ ಬರೀ ಚೌಕಗಳನ್ನು ತೋರಿಸುವುದುಂಟು. ಅದಕ್ಕೆ ನನ್ನ ಪದ್ಧತಿ: ಟ್ಯಾಗ್ ಕನ್ನಡದಲ್ಲಿ, ಫೈಲು ಮತ್ತು ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ.

‘ಆಲ್ಬಂ ಆರ್ಟಿಸ್ಟ್’ ಎಂಬ ಖಾನೆಯನ್ನು ಖಾಲಿ ಬಿಡಬೇಡಿ. ಸಿನಿಮಾ ಸಿಡಿಯಲ್ಲಿ ಆರು ಹಾಡಿಗೆ ಆರು ಗಾಯಕರು. ಈ ಖಾನೆ ಖಾಲಿಯಿದ್ದರೆ ಅನೇಕ ಪ್ಲೇಯರ್‌ಗಳು ಒಂದು ಸಿಡಿಯನ್ನು ಆರು ಆಲ್ಬಂ ಮಾಡಿ ಚೆಲ್ಲುತ್ತವೆ. ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿದರೆ ಎಲ್ಲ ಒಟ್ಟಿಗಿರುತ್ತವೆ. ಭಾವಗೀತೆಗೆ ಕವಿ, ಸ್ವರಸಂಯೋಜಕ, ಗಾಯಕ ಮೂವರೂ ಬೇಕು. ಈ ಖಾನೆಗಳನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಪಾಶ್ಚಾತ್ಯ ಬ್ಯಾಂಡುಗಳು, ನಮ್ಮ ಕವಿಗೆ ಅಲ್ಲಿ ತಾನಾಗಿ ಜಾಗ ಸಿಗುವುದಿಲ್ಲ. ‘ಲಿರಿಸಿಸ್ಟ್’ ಖಾನೆಯಲ್ಲಿ ಕವಿ, ‘ಕಂಪೋಸರ್’ನಲ್ಲಿ ಸಂಯೋಜಕ ಎಂದು ಒಮ್ಮೆ ಗೊತ್ತುಮಾಡಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ. ಕರ್ನಾಟಕ ಸಂಗೀತಕ್ಕೆ ರಾಗ, ತಾಳಗಳಿಗೆ ಸ್ವಂತ ಖಾನೆ ಮಾಡಿಕೊಳ್ಳಬಹುದು. ಎಂಪಿ3ಟ್ಯಾಗ್, ಮುಂದೆ ಹೇಳುವ ಪ್ಲೇಯರ್‌ಗಳಾದ ಫೂಬಾರ್2000, ಮ್ಯೂಸಿಕ್‌ಬೀ ಮೂರೂ ಇದಕ್ಕೆ ಬಿಡುತ್ತವೆ. ಕಲ್ಯಾಣಿಯ ಕೃತಿಗಳನ್ನೆಲ್ಲ ಒಂದೇ ಕ್ಲಿಕ್ಕಿಗೆ ಮುಂದಿಟ್ಟುಕೊಳ್ಳುವ ಸುಖ ಯಾವ ಸ್ಟ್ರೀಮಿಂಗ್ ಆ್ಯಪಿನಲ್ಲೂ ನನಗೆ ಸಿಕ್ಕಿಲ್ಲ.

ಒಳಗಿನ ಕಾಗದವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿಡಿ. ಕೊಳಲು ಯಾರು, ತಬಲಾ ಯಾರು ಎಂಬುದು ಎಷ್ಟೋ ಸಲ ಆ ಕಾಗದದಲ್ಲಿ ಮಾತ್ರ ಇರುತ್ತದೆ.

ಕೇಳುವ ಸಾಫ್ಟ್‌ವೇರ್

ವಿಂಡೋಸ್‌ನಲ್ಲಿ ಎರಡೇ ಹೆಸರು ಹೇಳುತ್ತೇನೆ. ಫೋಲ್ಡರು ತೆರೆದು ಹಾಡು ಹಚ್ಚುವವರಿಗೆ, ಎಲ್ಲವನ್ನೂ ತಮ್ಮಿಷ್ಟದಂತೆ ಜೋಡಿಸಿಕೊಳ್ಳುವವರಿಗೆ ಫೂಬಾರ್2000. ಹಳೆಯ ಕಂಪ್ಯೂಟರಿನಲ್ಲೂ ಹಗುರಾಗಿ ಓಡುತ್ತದೆ. ಕವರ್ ಚಿತ್ರಗಳ ಸಾಲು, ಆಲ್ಬಂಗಳ ಜೋಡಣೆ ಕಣ್ಣಿಗೆ ಚೆಂದವಾಗಿ ಬೇಕೆಂದರೆ ಮ್ಯೂಸಿಕ್‌ಬೀ. ಎರಡೂ ಉಚಿತ. ಲಿನಕ್ಸ್‌ನಲ್ಲಿ ಸ್ಟ್ರಾಬೆರಿ. ಮ್ಯಾಕ್‌ಗೂ ಫೂಬಾರ್2000 ಇದೆ, ಹಣ ಕೊಡಲು ಸಿದ್ಧರಿದ್ದರೆ ಸ್ವಿನ್‌ಸಿಯನ್. ವಿಎಲ್‌ಸಿ ಏನನ್ನು ಕೊಟ್ಟರೂ ಓಡಿಸುತ್ತದೆ, ಆದರೆ ದೊಡ್ಡ ಸಂಗ್ರಹವನ್ನು ಒಪ್ಪವಾಗಿ ಇಟ್ಟುಕೊಳ್ಳಲು ಅದು ಹೇಳಿಮಾಡಿಸಿದ್ದಲ್ಲ.

ಯಾವುದನ್ನೇ ಆರಿಸಿ, ಎರಡು ಗುಣ ಪರೀಕ್ಷಿಸಿ. ಮೊದಲನೆಯದು ಗ್ಯಾಪ್‌ಲೆಸ್: ಒಂದು ಟ್ರ್ಯಾಕು ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ಕಡಿತ ಬರಬಾರದು. ರಾಗ-ತಾನ-ಪಲ್ಲವಿಯನ್ನು ಸಿಡಿಯಲ್ಲಿ ಮೂರು ನಾಲ್ಕು ಟ್ರ್ಯಾಕಾಗಿ ಒಡೆದಿರುತ್ತಾರೆ. ತಾನ ಮುಗಿದು ಪಲ್ಲವಿಗೆ ಹೊರಳುವ ಕಡೆ ಅರೆಕ್ಷಣ ಮೌನ ಬಿದ್ದರೂ ಕಚೇರಿಯ ಓಟ ಮುರಿಯುತ್ತದೆ. ಅಂಥ ಸಿಡಿಯೊಂದನ್ನೇ ಹಾಕಿ ಆ ಜಾಗ ಕೇಳಿ ನೋಡಿ. ಎರಡನೆಯದು ರೀಪ್ಲೇಗೇನ್. ಎಂಬತ್ತರ ದಶಕದ ರೆಕಾರ್ಡಿಂಗ್ ಮೆಲ್ಲಗೆ, ಈಚಿನ ಸಿನಿಮಾ ಹಾಡು ಕಿವಿ ಹರಿಯುವಂತೆ. ಬೆರೆಸಿ ಕೇಳುವಾಗ ಕೈ ಸದಾ ವಾಲ್ಯೂಮಿನ ಮೇಲೇ ಇರಬೇಕಾಗುತ್ತದೆ. ಫೂಬಾರ್‌ನಲ್ಲಿ ಎಲ್ಲ ಹಾಡು ಆಯ್ದು ರೀಪ್ಲೇಗೇನ್ ಸ್ಕ್ಯಾನ್ ಕೊಟ್ಟರೆ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಟ್ಯಾಗಿನಲ್ಲಿ ಬರೆಯುತ್ತದೆ. ಮೂಲ ಧ್ವನಿಯನ್ನು ಮುಟ್ಟುವುದಿಲ್ಲ.

24 ಬಿಟ್, 192 ಕಿಲೋಹರ್ಟ್ಸ್‌ಗೆ ‘ಏರಿಸುವ’ ಪ್ಲಗಿನ್‌ಗಳ ಗೊಡವೆಗೆ ಹೋಗಬೇಡಿ. ಸಿಡಿಯಲ್ಲಿ ಇಲ್ಲದ್ದು ಎಲ್ಲಿಂದಲೂ ಬರುವುದಿಲ್ಲ. ಬದಲಿಗೆ ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಅನುಮಾನದ ಸಿಡಿಯ ಹಾಡೊಂದನ್ನು ತೆರೆದು ನೋಡಿ. ಧ್ವನಿಯ ಚಿತ್ರ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕೊಯ್ದಂತೆ ನಿಂತಿದ್ದರೆ, 128 ಕೆಬಿಪಿಎಸ್‌ನಂಥ ಎಂಪಿ3ಯಿಂದಲೇ ಆ ಸಿಡಿ ಮಾಡಿರಬಹುದು. ರಸ್ತೆ ಬದಿಯ ನಕಲಿ ಸಿಡಿಗಳಲ್ಲಿ ಇದು ಅಚ್ಚರಿಯಲ್ಲ. ಹಳೆಯ ಟೇಪಿನಿಂದ ಬಂದ ರೆಕಾರ್ಡಿಂಗಿನಲ್ಲೂ ಮೇಲಿನ ಭಾಗ ಖಾಲಿಯಿರುತ್ತದೆ, ಆದರೆ ಅಲ್ಲಿ ಅಂಚು ನಿಧಾನವಾಗಿ ಮಾಸಿರುತ್ತದೆ.

ಕಾರಿಗೆ, ಫೋನಿಗೆ

ಆಂಡ್ರಾಯ್ಡ್ ಫೋನು ಫ್ಲ್ಯಾಕ್ ಅನ್ನು ನೇರವಾಗಿ ಓಡಿಸುತ್ತದೆ. ಕಾರಿಗಾದರೆ ಫ್ರೀಎಸಿ ಅಥವಾ ಫೂಬಾರ್‌ನ ಕನ್ವರ್ಟರಿನಲ್ಲಿ ಲೇಮ್ ಎನ್‌ಕೋಡರ್ ಹಿಡಿದು ವಿ2 ಗುಣಮಟ್ಟದಲ್ಲಿ ಎಂಪಿ3 ಮಾಡಿ, ಸರಾಸರಿ 190 ಕೆಬಿಪಿಎಸ್ ಬರುತ್ತದೆ. ಪೆನ್‌ಡ್ರೈವನ್ನು ಎಫ್‌ಎಟಿ32 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿರಲಿ, ಹಳೆಯ ಸ್ಟೀರಿಯೊಗಳಿಗೆ ಬೇರೆಯದು ಅರ್ಥವಾಗುವುದಿಲ್ಲ. ಈ ಎಂಪಿ3 ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿಟ್ಟುಕೊಳ್ಳಿ, ಫ್ಲ್ಯಾಕ್ ಜತೆ ಬೆರೆಸಬೇಡಿ.

ಹಂಚುವ ವಿಷಯ: 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ಸ್ವಂತ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ ವಿನಾಯಿತಿ ಕೊಟ್ಟಿದೆ. ಟೆಲಿಗ್ರಾಂ ಗುಂಪಿಗೆ ಇಡೀ ಆಲ್ಬಂ ಹಾಕುವುದು ಅದರೊಳಗೆ ಬರುವುದಿಲ್ಲ.

ಎರಡನೇ ಪ್ರತಿ

ಎಲ್ಲ ಮುಗಿದ ಮೇಲೆ ಇಡೀ ಫೋಲ್ಡರನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಆದರೆ ಬೇರೆ ಮನೆಯಲ್ಲಿಡಿ. ಮಗ ಅಮೆರಿಕದಲ್ಲೋ ಮಗಳು ಪುಣೆಯಲ್ಲೋ ಇದ್ದರೆ ಮುಂದಿನ ಸಲ ಬಂದಾಗ ಕೈಗೆ ಕೊಟ್ಟು ಕಳಿಸಿ. ಪ್ರತಿಯೊಂದು ಫ್ಲ್ಯಾಕ್ ಫೈಲಿನೊಳಗೂ ಮೂಲ ಧ್ವನಿಯ ಎಂಡಿ5 ಚೆಕ್‌ಸಮ್ ಸಾಮಾನ್ಯವಾಗಿ ಇರುತ್ತದೆ. ಫೂಬಾರ್‌ನಲ್ಲಿ ಎಲ್ಲ ಹಾಡು ಆಯ್ದು ಬಲ ಕ್ಲಿಕ್ ಮಾಡಿ, ಯುಟಿಲಿಟೀಸ್‌ನಲ್ಲಿ ‘ವೆರಿಫೈ ಇಂಟೆಗ್ರಿಟಿ’ ಕೊಟ್ಟರೆ ಎಲ್ಲಾದರೂ ಕೆಟ್ಟಿದೆಯೇ ಎಂದು ಒಂದೊಂದೇ ನೋಡಿ ಹೇಳುತ್ತದೆ (ಮೆನುವಿನಲ್ಲಿ ಅದು ಕಾಣದಿದ್ದರೆ ಫೈಲ್ ಇಂಟೆಗ್ರಿಟಿ ವೆರಿಫೈಯರ್ ಎಂಬ ಸೇರ್ಪಡೆಯನ್ನು ಫೂಬಾರ್‌ಗೆ ಹಾಕಿಕೊಳ್ಳಿ). ಹೊಸ ಡಿಸ್ಕಿಗೆ ಕಾಪಿ ಮಾಡಿದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇದನ್ನು ಓಡಿಸಿ. ಕೆಟ್ಟ ಫೈಲು ಸಿಕ್ಕರೆ ಇನ್ನೊಂದು ಪ್ರತಿಯಿಂದ ತಂದುಹಾಕಿ; ಎರಡೂ ಕೆಟ್ಟಿದ್ದರೆ ಸಿಡಿಯಿಂದ ಆ ಒಂದು ಟ್ರ್ಯಾಕನ್ನು ಮತ್ತೆ ತೆಗೆದು ಲಾಗಿನಲ್ಲಿರುವ ಸಿಆರ್‌ಸಿಗೆ ಹೋಲಿಸಿ. ಸಿಡಿಗಳನ್ನು ಗುಜರಿಗೆ ಹಾಕದೆ ನೆರಳಿನಲ್ಲಿ ನಿಲ್ಲಿಸಿಡಬೇಕಾದ್ದು ಇದಕ್ಕೇ.